ಕಡೇ ಡಬ್ಬಿ

ವಾಡಿ ಜಂಕ್ಷನ್ನಿನಾಗ ಕೆಲವು ಗಾಡಿ
ಬಂದ ದಿಕ್ಕಿಗೇ ಹೊಳ್ಳತಾವ.
ಎಂಜಿನ್ ಬಿಚ್ಚತಾರ; ಅದು ಪಕ್ಕದ ಹಳಿ ಹಿಡಿದು
ಒಂದು ಸೀಟಿ ಹಾಕಿ ಆ ತುದಿಗೆ ಹೋಗಿ
ಬಾಲಕ್ಕ ತಲಿ ಆಗತದ.
ಡಬ್ಬಿ ಅವೇ. ಒಳಗಿನ ಮಂದಿ ಅವರೇ.
ಕಿಟಕಿಗೆ ಕೂತವರಿಗೆ ಮಾತ್ರ
ಒಮ್ಮೆಲೇ ಹಿಂದ್ಹಿಂದ ಹೊಂಟಂಗ ಆಗಿ
ಕೈಯಾಗಿನ ಚಾ ತುಳಕತದ.

ನಮ್ಮ ಭಾಷಾ ಹುಟ್ಟಿದ್ದು ಅಲ್ಲೇ.
ನಾನು, ಗ್ಯಾಂಗ್‌ಮನ್ ಮಾಣಿಕಪ್ಪನ ಮಗಳು;
ನೌಶಾಬಾ, ಪಾಯಿಂಟ್ಸ್‌ಮನ್ ಖದೀರ್ ಮಿಯಾನ ಮಗಳು.
ಕ್ವಾರ್ಟರ್ಸಿನ ಹಿಂದ ಶಹಾಬಾದ ಫರಸಿ ಮ್ಯಾಲ
ಸುಣ್ಣದ ಕಡ್ಡಿಲೆ ಬರದ ವ್ಯಾಕರಣ.
ಸಿಮೆಂಟಿನ ಧೂಳು ಬಿದ್ದು ಸಂಜಿಗೆ ಮಾಸತಿತ್ತು.
ಮುಂಜಾನಿಗೆ ಮತ್ತ ಬರೀತಿದ್ದಿವಿ.

ಕನ್ನಡದ ಮ್ಯಾಲ ಸಿಟ್ಟಿತ್ತು ನನಗ ಆಗ.
ಅವ್ವ ಒಲಿ ಮುಂದ ನಿಂತು ಶುರು ಮಾಡಿದರ
"ಹೇಳಿದ್ದು ಕೇಳದ, ಕದ್ದು ಕೆನಿ ತಿಂದ,
ತಿಂದ ಮೂತಿ ಸೈತ ಒರಸಿಕೊಳ್ಳದ..."
ಹೆಸರು ಬರೂತನಕ ಜೀವ ಕೈಯಾಗ.
ಡಬ್ಬಿ ಹಿಂದ ಡಬ್ಬಿ, ಡಬ್ಬಿ ಹಿಂದ ಡಬ್ಬಿ,
ಎಂಜಿನ್ ಎಲ್ಲೋ ಕಡೀಕ, ನೂಕತಾನೇ ಇರತದ.
ಬಂದದ್ದು "ಬೆಕ್ಕು" ಆದರ ಬದುಕಿದೆ.

ಅವಳ ದಾದಾ ಒಮ್ಮೆ ಗಡಿಯಾರ ಬಿಚ್ಚಿಕೊಂಡು ಕೂತು
ಗುಲ್-ಎ-ಸುರ್ಖ್ ಅಂದ, ತನ್ನಷ್ಟಕ್ಕ ತಾನೇ.
ಹೂವು ಮೊದಲು, ಕೆಂಪು ಆಮ್ಯಾಲ;
ನಡುವ ಸಣ್ಣದೊಂದು ಎ,
ಡಬ್ಬಿಗೆ ಡಬ್ಬಿ ಹಾಕೂ ಕೊಂಡಿ.
ನೌಶಾಬಾ ನನ್ನ ಕಡೆ ನೋಡಿದಳು.
ಅವತ್ತೇ ಎಂಜಿನ್ ಮುಂದ ತಂದಿವಿ. ಕೊಂಡಿ ಬ್ಯಾಡಂದಿವಿ.

ಝಮು ಅಂದರ ಮನಿ, ಲೀಟ ಅಂದರ ಕೆಂಪು, ತೊರ ಅಂದರ ಎರಡು.
ಝಮು ಲೀಟ ತೊರ.
ಮೊದಲು ವಸ್ತು ಬಂದು ಕಣ್ಣ ಮುಂದ ನಿಲ್ಲಬೇಕು,
ಆಮ್ಯಾಲ ಅದರ ಬಣ್ಣ, ಅದರ ಕಥಿ, ಅದರ ಲೆಕ್ಕ.

ಜಗಳ ಆದದ್ದು "ನನ್ನ" ಎಲ್ಲಿ ಇಡಬೇಕಂತ.
ಎಂಜಿನ್ನಿಗೇ ಅಂಟಿರಲಿ ಅಂದೆ ನಾನು.
ಅಲ್ಲ, ಕಡೀಕ, ಅಂದಳು ಅವಳು, ಗಾರ್ಡಿನ ಡಬ್ಬಿ ಹಂಗ.
ಎಷ್ಟರೇ ಉದ್ದ ಇರಲಿ ಮಾಲಗಾಡಿ,
ಹಿಂದಿನ ಕೆಂಪು ದೀಪ ನೋಡದ
ಮಾಸ್ತರ ಮುಂದಿನ ಗಾಡಿಗೆ ಲೈನ್ ಕೊಡಂಗಿಲ್ಲ, ಅಬ್ಬಾ ಹೇಳ್ಯಾನ.
ಪೂರಾ ಬಂತೋ, ಹರಕೊಂಡು ಅರ್ಧ ದಾರ್ಯಾಗ ಉಳೀತೋ
ಹ್ಯಾಂಗ ಗೊತ್ತಾಗಬೇಕು?
ಮೂರು ದಿನ ಮಾತು ಬಿಟ್ಟಿವಿ, ಮೂರೂ ಭಾಷಾದಾಗ.
ನಾಕನೇ ದಿನ ನಾನೇ ಸೋತೆ:
ಝಮು ಲೀಟ ತೊರ ಕಿಶ್.

ಕಿಶ್ ಅಂದರ ನನ್ನ. ನಮ್ಮ ಅಂದರೂ ಅದೇ.
ಬ್ಯಾರೆ ಬ್ಯಾರೆ ಮಾಡಲಿಕ್ಕ ಪುರಸತ್ತಾಗಲಿಲ್ಲ,
ಖದೀರ್ ಮಿಯಾಗ ದೌಂಡಿಗೆ ಬದಲಿ ಬಂತು.

ಒಂದೇ ಕಾರ್ಡು ಬಂತು ಅಲ್ಲಿಂದ.
ಕ್ಷೇಮ ಇಲ್ಲ, ಸಲಾಂ ಇಲ್ಲ, ಓರೆ ಅಕ್ಷರದಾಗ ಒಂದು ಸಾಲು:
ಮಿರು ಸಾನಿಲ ಗಪ್ಪ ಒನಿ
ಗೆಳತಿ, ಉದ್ದ ಜಡಿಯ, ಸಿಟ್ಟಿನ, ಒಬ್ಬಳು.
ಅಷ್ಟೇ.
ಶಾಯಿ ತೀರಿತೋ, ಯಾರರೇ ಕರದರೋ,
ಇಲ್ಲಾ ಬರದದ್ದೇ ಅಷ್ಟೋ.
ಕಿಶ್ ಇರಲಿಲ್ಲ.

ಕನ್ನಡ ಆಗಿದ್ದರ "ನನ್ನ" ಮೊದಲೇ ಬಂದಿರತಿತ್ತು.
ನಡುವ ನಿಂತರೂ ಅಷ್ಟರೇ ಕೈಗೆ ಸಿಗತಿತ್ತು.

ಈಗ ನಾನು ನಾಲವಾರದ ಶಾಲ್ಯಾಗ
ವಿಶೇಷಣ, ವಿಶೇಷ್ಯ ಕಲಸ್ತೀನಿ.
ವಿಶೇಷ್ಯ ಕಡೀಕ ಅಂತ ಹಲಗಿ ಮ್ಯಾಲ ಬರದು
ಕೈಯಾಗಿನ ಸುಣ್ಣ ಝಾಡಿಸಿಕೋತೀನಿ.
ಹಿಂದ ಕೂತ ಒಬ್ಬ ಹುಡುಗಿ ಕೇಳಿದಳು ಮೊನ್ನೆ:
ಹೊಳ್ಳಿಸಿ ಹಚ್ಚಿದರ ಏನಾಗತದ ರೀ?
ಪೇಪರಿನಾಗ ತಪ್ಪಾಗತದ ಅಂದೆ.

ಆದರ ಆ ಸಾಲು ಇನ್ನಾ ಹಳಿ ಮ್ಯಾಲೇ ಅದ.
ದೀಪ ಕಂಡಿಲ್ಲ.
ಹಿಂದ ಬರೂ ಗಾಡಿಗೆ
ನಾನು ಲೈನ್ ಕೊಟ್ಟಿಲ್ಲ.